ಕಂಬಗಳ ಆಚೆ ಅತ್ತೆಯ ಕುರ್ಚಿ

ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿದರೆ ಸಾಕು, ಊಟಿಯ ಆ ಹಳೆಯ ಸರ್ಕಾರಿ ಕಟ್ಟಡದ ಮೆಟ್ಟಿಲ ಮೇಲೆ ಅಜ್ಜಿಯ ಪಕ್ಕ ಹೋಗಿ ಕೂತುಬಿಡುತ್ತೇನೆ. ಈಗ ಅದಕ್ಕೆ ಡಬ್ಬಿಯ ಪೇಂಟ್ ಬಳಿಯುತ್ತಾರೆ, ಆ ವಾಸನೆಯೇ ಬೇರೆ ಬಿಡಿ. ಇಬ್ಬರು ತಬ್ಬಿದರೂ ಕೈಗೆ ಕೈ ಸಿಗದಂಥ ದುಂಡನೆಯ ಬಿಳಿ ಕಂಬಗಳು, ಅವುಗಳ ಮೇಲೆ ಹಣೆಯ ಹಾಗೆ ಮೂರು ಮೂಲೆಯ ದೊಡ್ಡ ಗೋಡೆ, ಆಚೆಗೆ ಆನೆ ನುಗ್ಗುವಷ್ಟು ಎತ್ತರದ ಬಾಗಿಲು. ಯಾರೋ ಇಂಗ್ಲಿಷ್ ದೊರೆ ತನ್ನ ಸೀಮೆಯ ನೆನಪಿಗೆ ಕಟ್ಟಿಸಿದನಂತೆ. ನಮಗೇನು, ಬೆಳಗಿನ ಬಿಸಿಲು ಮೊದಲು ಬೀಳುತ್ತಿದ್ದುದು ಅಲ್ಲಿ. ನಮ್ಮೂರು ತುಮ್ಮನಟ್ಟಿಯಿಂದ ಕ್ಯಾರೆಟ್ ಮೂಟೆಗಳ ಜೊತೆ ಬಂದು, ಅಪ್ಪ ತರಕಾರಿ ಮಂಡಿಯಿಂದ ವಾಪಸಾಗುವವರೆಗೆ ಅಜ್ಜಿ ಕಂಬಕ್ಕೆ ಬೆನ್ನು ಕೊಟ್ಟು ಮೈ ಕಾಯಿಸಿಕೊಳ್ಳುತ್ತಿದ್ದಳು.

ಒಳಗೆ ಅಜ್ಜಿಯ ಮಗಳು, ನನ್ನ ಅತ್ತೆ, ಟೈಪಿಸ್ಟ್ ಆಗಿದ್ದಳು. ಗಂಡನ ಮನೆ ಬಿಟ್ಟು ಬಂದು, ಹಟ ಹಿಡಿದು ಕಲಿತು ಗಳಿಸಿದ ಕೆಲಸ. ಅಜ್ಜಿ ಅದಕ್ಕೆ ಬೈಯಲೂ ಇಲ್ಲ, ಅದರ ಸುದ್ದಿ ಎತ್ತಲೂ ಇಲ್ಲ. ಆ ಮೌನ ಅತ್ತೆಯನ್ನು ಒಳಗೊಳಗೇ ತಿನ್ನುತ್ತಿತ್ತು. ತಾನು ಕೂರುವ ಜಾಗವನ್ನು ಅವ್ವೆ ಒಮ್ಮೆ ನೋಡಲಿ ಎಂದು ಬಂದಾಗಲೆಲ್ಲ ಕರೆಯುತ್ತಿದ್ದಳು. ಅಜ್ಜಿ ಕಾಲುನೋವಿನ ನೆಪ ಹೇಳುತ್ತಿದ್ದಳು. ಅದೇ ಕಾಲಲ್ಲಿ ಬೆಟ್ಟ ಹತ್ತುತ್ತಿದ್ದಳು ಮಹಾರಾಯಿತಿ!

ಒಂದು ಬೆಳಿಗ್ಗೆ ಮಂಜು ಮೆಟ್ಟಿಲವರೆಗೂ ಇಳಿಯಿತು. ಅಜ್ಜಿ ನಡುಗುವುದನ್ನು ಕಂಡು ಅತ್ತೆ ಹೊರಗೆ ಬಂದು ಕೈ ಚಾಚಿದಳು. ಅಜ್ಜಿ ಎದ್ದಳು, ಚಪ್ಪಲಿ ಬಿಟ್ಟಳು, ಹೊಸ್ತಿಲಲ್ಲಿ ನಿಂತೇಬಿಟ್ಟಳು. ನಮ್ಮ ಮನೆಯಲ್ಲಿ ಹಾಲು ಮೊಸರು ಇಡುವ ಮಡಿಯ ಕೋಣೆಗೆ ಗಂಡಸರು ಮಾತ್ರ ಹೋಗುತ್ತಿದ್ದರು. ಸೊಸೆಯಾಗಿ ಬಂದು ಮುದುಕಿಯಾದರೂ ಅಜ್ಜಿ ಅದರೊಳಗೆ ಕಾಲಿಟ್ಟವಳಲ್ಲ. ಈ ಕಂಬಗಳ ಆಚೆಯ ತಣ್ಣನೆಯ ಕತ್ತಲು, ಅಲ್ಲಿ ಓಡಾಡುವ ಗಂಡಸರು, ಇದೂ ಅಂಥದೇ ಜಾಗ ಅಂದುಕೊಂಡಿದ್ದಳು, ಪಾಪ.

"ಹೆಮ್ಮಕ್ಕ ಒಳಗ ಬರ್ಬೋದಾ?" ಎಂದು ಮೆಲ್ಲಗೆ ಕೇಳಿದಳು. ಹೆಮ್ಮಕ್ಕ ಅಂದರೆ ನಮ್ಮ ಮಾತಿನಲ್ಲಿ ಹೆಂಗಸರು.

ಅತ್ತೆಗೆ ಆಗ ಗೊತ್ತಾಯಿತು, ಅವ್ವೆಗೆ ಇದ್ದದ್ದು ಕೋಪವಲ್ಲ ಅಂತ. "ನಾ ಇರದು ಇಲ್ಲೇ, ಅವ್ವೆ. ಬಾ" ಅಂದಳು.

ಒಬ್ಬರು ಕೆಮ್ಮಿದರೆ ನಾಲ್ಕು ಮೂಲೆಗೂ ಕೇಳುವ ಹಜಾರ. ಅಷ್ಟೆತ್ತರದ ಸೂರಿನ ಕಡೆ ಅಜ್ಜಿ ಕಣ್ಣೆತ್ತಲಿಲ್ಲ. ಮಗಳ ಮೇಜು ನೋಡಿದಳು, ಟೈಪ್‌ರೈಟರ್ ಮುಟ್ಟಿದಳು, ಬೆತ್ತದ ಕುರ್ಚಿಯಲ್ಲಿ ಕೂರಲು ಅವಳಿಗೆ ಹೇಳಿದಳು. ನಮ್ಮಲ್ಲಿ ಕಿರಿಯರು ಬಾಗಿ ನಿಂತರೆ ಹಿರಿಯರು ತಲೆ ಮುಟ್ಟಿ ಹರಸುತ್ತಾರೆ. ಅಜ್ಜಿಯ ಕೈ ಮೇಲೇಳುವುದನ್ನು ಕಂಡು ಅತ್ತೆ ಗಡಬಡಿಸಿ ಏಳಹೋದಳು.

"ಏಳಬೇಡ. ಕೂತೇ ಇರು" ಎಂದ ಅಜ್ಜಿ, ಆಫೀಸಿಗೆ ಆಫೀಸೇ ನೋಡುತ್ತಿರುವಾಗ, ಕುರ್ಚಿಯಲ್ಲಿ ಕೂತ ಮಗಳ ತಲೆಯ ಮೇಲೆ ಎರಡೂ ಕೈ ಇಟ್ಟಳು.

ಇಬ್ಬರೂ ಈಗಿಲ್ಲ. ಕೇರಿಯ ನಮ್ಮ ಹಳೆಯ ಮನೆಯೂ ಹೋಗಿ ತಾರಸಿ ಮನೆ ಬಂದಿದೆ. ನಿಮ್ಮದೂ ಒಂದು ಮನೆ ಹೀಗೇ ಹೋಗಿರಬಹುದು. ಆದರೂ ಆ ಬೆಳಿಗ್ಗೆಯನ್ನು ನೆನೆದರೆ ನನಗೆ ಹೊಟ್ಟೆ ತಣ್ಣಗಾಗುತ್ತದೆ. ಬೆತ್ತ ಜೋತುಬಿದ್ದರೂ ಅತ್ತೆ ರಿಟೈರ್ ಆಗುವವರೆಗೆ ಆ ಕುರ್ಚಿಯನ್ನು ಬದಲಿಸಗೊಡಲಿಲ್ಲ.