ಖಾಲಿ ಗುಂಡಿಯ ಸುತ್ತ

ಇಂಥ ಮಾತನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ಮುಖ ನೋಡಿ ನಕ್ಕುಬಿಡುತ್ತಿದ್ದೆ. ರಸಾಯನಶಾಸ್ತ್ರ ಓದಿದವಳು, ಅಳೆದದ್ದನ್ನು ಮಾತ್ರ ನಂಬುವ ಜಾತಿ ನನ್ನದು. ಆದರೆ ಇದು ನನ್ನ ಕಣ್ಣೆದುರೇ ಆಯಿತು, ಏನು ಮಾಡಲಿ?

ಮಂಗಳೂರಿನ ಒಂದು ಕಾಲೇಜಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ಸಾರಜನಕ, ಗಂಧಕ ಸೇರಿದ ಉಂಗುರದಂಥ ಅಣುಗಳನ್ನು ಹೊಸದಾಗಿ ತಯಾರಿಸಿ, ಅವು ರೋಗಾಣುಗಳನ್ನು ಕೊಲ್ಲುತ್ತವೆಯೇ ಎಂದು ನೋಡುವುದು ಕೆಲಸ. ಕೈಹಿಡಿದು ಕಲಿಸಿದವರು ಸೀನಿಯರ್ ಶಶಿಕಲಕ್ಕ. ತಟ್ಟೆಯಲ್ಲಿ ಜೆಲ್ಲಿಯಂಥ ಆಹಾರ ಹಾಕಿ, ಮೇಲೆ ರೋಗಾಣು ಹರಡಿ, ಅದರಲ್ಲಿ ಸಣ್ಣ ಗುಂಡಿಗಳನ್ನು ಕೊರೆದು ನಮ್ಮ ಪುಡಿಯ ದ್ರಾವಣ ಹಾಕುತ್ತೇವೆ. ನಡುವಿನ ಗುಂಡಿಗೆ ಮಾತ್ರ ಪುಡಿಯಿಲ್ಲದ ಬರೀ ದ್ರಾವಕ, ಅದು ಹೋಲಿಸಿ ನೋಡಲು ಇಡುವ ಕಂಟ್ರೋಲ್. ರೋಗಾಣು ಸತ್ತಲ್ಲಿ ಮರುದಿನ ಗುಂಡಿಯ ಸುತ್ತ ತಿಳಿಯಾದ ವರ್ತುಲ ಕಾಣುತ್ತದೆ. ಕಂಟ್ರೋಲಿನ ಸುತ್ತ ಕಂಡರೆ ಪರೀಕ್ಷೆಯೇ ಕೆಟ್ಟಿತೆಂದು ತಟ್ಟೆಯನ್ನು ಎಸೆಯಬೇಕು. ಅಕ್ಕ ಇದರಲ್ಲಿ ಬಹಳ ಕಟ್ಟುನಿಟ್ಟು.

ಆ ವರ್ಷ ಕಾಲಿನ ಗಾಯ ಕೀವಾಗಿ ಅಕ್ಕನ ರಕ್ತಕ್ಕೆ ನಂಜೇರಿತು. ಫಳ್ನೀರಿನ ಆಸ್ಪತ್ರೆಯಲ್ಲಿ ಯಾವ ಮದ್ದೂ ನಾಟಲಿಲ್ಲ. ಅವರ ರಕ್ತದಿಂದ ಬೆಳೆಸಿದ ರೋಗಾಣುವನ್ನು ಅನುಮತಿ ಪಡೆದು ತಂದು, ನನ್ನ ಆರು ಸಂಯುಕ್ತಗಳನ್ನು ಅದರ ಮೇಲೆ ಪರೀಕ್ಷೆಗಿಟ್ಟೆ. ಗೆದ್ದರೂ ಅದು ಅಕ್ಕನಿಗೆ ಕೊಡುವ ಮದ್ದಾಗುತ್ತಿರಲಿಲ್ಲ, ಗೊತ್ತು. ಸುಮ್ಮನೆ ಕೂರಲು ಆಗಲಿಲ್ಲ, ಅಷ್ಟೇ.

ಮರುದಿನ ಬೆಳಿಗ್ಗೆ ಆರೂ ಗುಂಡಿಗಳ ಸುತ್ತ ರೋಗಾಣು ಒತ್ತಾಗಿ ಬೆಳೆದಿತ್ತು. ಪುಡಿಯಿಲ್ಲದ ನಡುವಿನ ಖಾಲಿ ಗುಂಡಿಯ ಸುತ್ತ ಮಾತ್ರ ಅಗಲವಾದ, ತಿಳಿಯಾದ ವರ್ತುಲ. ನೋಡುತ್ತಿರುವಾಗಲೇ ಅಕ್ಕನ ಗಂಡ ಫೋನ್ ಮಾಡಿದರು. "ಜ್ವರ ಇಳಿದಿದೆ ಮಾರಾಯ್ತಿ, ಗಂಜಿ ಕೇಳಿದ್ಲು."

ಓಡಿದೆ. ಅಕ್ಕ ದಿಂಬಿಗೊರಗಿ ಕೂತಿದ್ದರು. ತಟ್ಟೆಯ ಫೋಟೊ ತೋರಿಸಿದೆ.

"ಎಂತ ಮಾಡಿದ್ದಿ ನೀನು? ಕಂಟ್ರೋಲೇ ಹಾಳಾಗಿದೆ. ಬಿಸಾಡು, ಹೊಸತು ಹಾಕು," ಎಂದರು.

"ಇರ್ಲಿ ಅಕ್ಕ, ಎರಡು ದಿನ ಇಟ್ಕೊಳ್ತೇನೆ."

"ನಿನ್ನ ಆಸೆಗೆಲ್ಲ ಲ್ಯಾಬಲ್ಲಿ ಜಾಗ ಇಲ್ಲ. ಬಿಸಾಡ್ತೇನೆ ಅಂತ ಹೇಳು."

ಹೇಳಿದೆ. ಮಧ್ಯಾಹ್ನ ತಟ್ಟೆಯನ್ನು ಆಟೋಕ್ಲೇವಿನ ಹಬೆಯಲ್ಲಿ ಬೇಯಿಸಿ ಎಸೆದೆ. ಸಂಜೆ ಅಕ್ಕನ ಜ್ವರ ಮತ್ತೆ ಏರಿತು. ಮೂರನೆಯ ದಿನ ತೀರಿಕೊಂಡರು.

ಅದೇ ಬಾಟಲಿಯ ದ್ರಾವಕ, ಅದೇ ರೋಗಾಣು ಇಟ್ಟು ಆಮೇಲೆ ಎಷ್ಟು ಸಲ ನೋಡಿದೆನೋ, ಲೆಕ್ಕವಿಲ್ಲ. ಆ ವರ್ತುಲ ಮತ್ತೆ ಬರಲಿಲ್ಲ. ನನ್ನ ಪ್ರಬಂಧದಲ್ಲಿ ಅದರ ಸುದ್ದಿಯೇ ಇಲ್ಲ. ತಟ್ಟೆಯಲ್ಲಿ ಆದದ್ದಕ್ಕೂ ಹಾಸಿಗೆಯಲ್ಲಿ ಆದದ್ದಕ್ಕೂ ಸಂಬಂಧ ಇರಲು ಸಾಧ್ಯವಿಲ್ಲ. ಈಗ ಇದನ್ನೇ ಮಕ್ಕಳಿಗೆ ಪಾಠ ಮಾಡುವವಳು ನಾನು. ಆದರೂ ಒಂದು ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಅಕ್ಕನಿಗೆ ನಾನು ಯಾವತ್ತೂ ಸುಳ್ಳು ಹೇಳಿದವಳಲ್ಲ. ಆ ಒಂದು ದಿನ ಬಿಸಾಡ್ತೇನೆ ಅಂತ ಸುಳ್ಳು ಹೇಳಿ, ತಟ್ಟೆಯನ್ನು ಇಟ್ಟುಕೊಳ್ಳಬೇಕಿತ್ತೇ?