ಅರಿಶಿನ ಹತ್ತಿದ ನೋಟುಗಳು

ಸೆಲ್ವಿ, ನಿನ್ನ ಮುಡುಪಿನ ಹಣ ಮುಳುಗಿಹೋಯಿತೆಂದು ಆರು ವರ್ಷದಿಂದ ನಂಬಿದ್ದೀಯೆ. ಅದು ಮುಳುಗಲಿಲ್ಲ. ನನ್ನ ಕೈಗೆ ಬಂತು. ನಿನ್ನದೆಂದು ಗೊತ್ತಿದ್ದೂ ಇಟ್ಟುಕೊಂಡೆ.

ಎಲ್ಲಿಂದ ಹೇಳಲಿ — ಜೋಗುಪಾಳ್ಯದ ಅಮ್ಮನ ದೇವಸ್ಥಾನದ ಹಿಂದಿನ ಹಾಲ್‌ನಿಂದಲೇ ಆಗಲಿ. ಶನಿವಾರ ಮಧ್ಯಾಹ್ನ ಹೆಂಗಸರಿಗೆ ದುಡ್ಡಿನ ಪಾಠ ಹೇಳಲು ಒಂದು ಸಂಸ್ಥೆ ನನ್ನನ್ನು ನೇಮಿಸಿತ್ತು. ಅವರು ಕೊಟ್ಟ ಪುಸ್ತಕದ ಬಣ್ಣದ ಚಿತ್ರಗಳನ್ನು ನೋಡಿ ನೀವೆಲ್ಲ ಆಕಳಿಸಿದಿರಿ. ಎರಡನೆಯ ವಾರ ಪುಸ್ತಕ ಮುಚ್ಚಿಟ್ಟು, ಅರಿಶಿನದಲ್ಲಿ ಅದ್ದಿ ಒಣಗಿಸಿದ ಬಟ್ಟೆಯ ತುಂಡುಗಳನ್ನು ಹಂಚಿದೆ. ದೇವರಿಗೆ ಮುಡುಪು ಕಟ್ಟುವ ಹಾಗೆಯೇ ಕಟ್ಟಿ; ಯಾವ ಕೆಲಸಕ್ಕೆಂದು ಅಮ್ಮನ ಹೆಸರು ಹೇಳಿ ನೆನೆದುಕೊಳ್ಳಿ; ಆ ಕೆಲಸ ಬರುವ ತನಕ ಗಂಟು ಬಿಚ್ಚಬೇಡಿ ಎಂದೆ.

"ಸರಿಯಾದ ಐಡಿಯಾ ಅಕ್ಕಾ!" ಎಂದು ನೀನು ಹಿಂದಿನಿಂದ ಕೂಗಿದೆ. "ಡಬ್ಬೀಲಿಟ್ರೆ ನಮ್ಮನೆಯವನು ಎತ್ಕೊಂಡ್ ಹೋಗ್ತಾನೆ. ಅಮ್ಮನ ಗಂಟು ಮುಟ್ಟಕ್ಕೆ ಅವನಿಗೂ ಪುಕಪುಕ!"

ಎಲ್ಲರೂ ನಕ್ಕರು. ನೀನು ಮಾತ್ರ ನಿಜಕ್ಕೂ ಕಟ್ಟಿದೆ. ಹಲಸೂರು ಬಜಾರಿನಲ್ಲಿ ಹೂವು ಮಾರಿ ಬಂದ ನೋಟುಗಳನ್ನು ಒದ್ದೆ ಕೈಯಲ್ಲೇ ಸುರುಳಿ ಸುತ್ತಿ, ಹೂವು ಕಟ್ಟುವ ಬಾಳೆನಾರಿನಿಂದ ಬಿಗಿದು, ಹಳದಿ ಬಟ್ಟೆಯೊಳಗೆ ಇಡುತ್ತಿದ್ದೆ. ಮಗಳು ಕಾವೇರಿಯ ನರ್ಸಿಂಗ್ ಕಾಲೇಜಿನ ಫೀಸಿಗೆಂದು. ಎರಡು ವರ್ಷ ಹೀಗೇ ಕೂಡಿಸಿದೆ.

ಅದೇ ಬಜಾರಿನಲ್ಲಿ ರಾಜಣ್ಣನ ಪಾತ್ರೆ ಅಂಗಡಿ. ಅವನು ಚೀಟಿ ನಡೆಸುತ್ತಿದ್ದ. ತಿಂಗಳಿಗೊಬ್ಬರಂತೆ ಸದಸ್ಯರು ಹಣ ಎತ್ತಬೇಕು. ನಾನೂ ಒಬ್ಬಳು. ಮನೆಯ ಓನರ್ ಭೋಗ್ಯದ ಹಣ ಹೆಚ್ಚಿಸಿದ್ದರು — ಕೊಡದಿದ್ದರೆ ಖಾಲಿ ಮಾಡಬೇಕು. ನನ್ನ ಸರದಿ ಮುಂದಿನ ತಿಂಗಳಿತ್ತು.

ಒಂದು ಮಂಗಳವಾರ ಕಂತು ಕಟ್ಟಲು ಹೋದೆ. ಹಾಡಹಗಲೇ ಶಟರ್ ಅರ್ಧ ಇಳಿದಿತ್ತು. ದೇವರ ಫೋಟೋದ ಮೇಲೆ ಒಣಗಿ ಕಪ್ಪಾದ ಹಾರ. ಮುಂದಿನ ಸಾಲಿನಲ್ಲಿ ಪಾತ್ರೆಗಳು ಹೊಳೆಯುತ್ತಿದ್ದವು. ಹಿಂದಿನ ರಟ್ಟಿನ ಡಬ್ಬಕ್ಕೆ ನನ್ನ ಚೀಲ ತಾಗಿತು ನೋಡು — ಡಬ್ಬ ಸರಿದೇಹೋಯಿತು. ಖಾಲಿ. ಅದರ ಪಕ್ಕದ್ದೂ ಖಾಲಿ. ಮೇಜಿನ ಮೇಲೆ ಬೋರಲು ಹಾಕಿದ್ದ ಫೋನು ಒಂದೇ ಸಮನೆ ಗುರ್ರೆನ್ನುತ್ತಿತ್ತು. ಎದುರಿಗೇ ಕುಳಿತಿದ್ದ ರಾಜಣ್ಣ ಎತ್ತಲಿಲ್ಲ.

"ಯಾರ ಹತ್ರಾನೂ ಬಾಯಿ ಬಿಡಬೇಡಿ ಮೇಡಂ," ಎಂದ. "ಸ್ವಲ್ಪ ಟೈಟು. ನಿಮ್ಮ ಕ್ಲಾಸಿನೋರು ಒಂದಿಬ್ರು ನನ್ ಹತ್ರ ದುಡ್ಡು ಇಟ್ರೆ ನಿಮ್ಮ ಚೀಟಿಗೆ ಏನೂ ತೊಂದ್ರೆ ಆಗಲ್ಲ."

ನಾನು ಆಗಲಿ ಎನ್ನಲಿಲ್ಲ. ಆಗದು ಎಂದೂ ಅನ್ನಲಿಲ್ಲ. ಕಂತು ಕಟ್ಟಿ, ಕಾಲು ಕೆಜಿ ಬೀನ್ಸ್ ಕೊಂಡು ಮನೆಗೆ ಬಂದೆ.

ಆ ಶನಿವಾರ ಪಾಠ ಮುಗಿದ ಮೇಲೆ ನೀನು ಗಂಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದೆ. "ಅಕ್ಕಾ, ರಾಜಣ್ಣ ಕರೆದು ಹೇಳಿದ್ರು — ಮೂರು ತಿಂಗಳಿಗೆ ಒಳ್ಳೆ ಬಡ್ಡಿ ಕೊಡ್ತಾರಂತೆ. ಫೀಸು ಕಟ್ಟೋ ಹೊತ್ಗೆ ಸರಿಹೋಗುತ್ತೆ. ಆದ್ರೆ ಮುಡುಪು ನಡುವೆ ಬಿಚ್ಬಾರ್ದು ಅಂದಿದ್ರಲ್ಲಾ ನೀವು... ಬಿಚ್ಲಾ?"

ಬೇರೆ ಯಾರನ್ನೂ ನೀನು ಕೇಳಲಿಲ್ಲ. ಗಂಟಿನ ನಿಯಮ ಹೇಳಿಕೊಟ್ಟವಳು ನಾನು, ಬಿಚ್ಚಲು ಅಪ್ಪಣೆಯೂ ನನ್ನಿಂದಲೇ ಬರಬೇಕಿತ್ತು. ಖಾಲಿ ಡಬ್ಬ ಸರಿದ ಸದ್ದು ಆಗಲೂ ಕಿವಿಯಲ್ಲಿತ್ತು — ಆದರೂ —

"ಬಿಚ್ಚು," ಎಂದೆ. "ನಾನೂ ಅಲ್ಲೇ ಕಟ್ತಿದೀನಿ."

ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅದಕ್ಕೇ ನೀನು ನಂಬಿದೆ.

ಹತ್ತು ದಿನಕ್ಕೆ ರಾಜಣ್ಣ ನನ್ನ ಚೀಟಿಯ ಹಣ ಕೊಟ್ಟ. ಅಡುಗೆಮನೆಯ ಕಟ್ಟೆಯ ಮೇಲೆ ಎಣಿಸುತ್ತ ಕುಳಿತೆ. ಮೇಲಿನ ಕಟ್ಟುಗಳಿಗೆ ರಬ್ಬರ್ ಬ್ಯಾಂಡ್ ಇತ್ತು. ತಳದಲ್ಲಿದ್ದ ಸುರುಳಿಗಳಿಗೆ ಬಾಳೆನಾರು. ನೋಟುಗಳ ಅಂಚಿಗೆ ಹಳದಿ. ನನ್ನ ಬೆರಳಿಗೂ ಅರಿಶಿನ ಹತ್ತಿತು. ಇನ್ನೂ ಹೊತ್ತಿತ್ತು, ಸೆಲ್ವಿ — ನಿನ್ನ ಮನೆ ಎರಡೇ ಬೀದಿ ಆಚೆ. ನಾನು ನಾರು ಬಿಚ್ಚಿ ಒಲೆಯ ಮೇಲೆ ಸುಟ್ಟೆ. ನೋಟುಗಳನ್ನು ಒದ್ದೆ ಬಟ್ಟೆಯಲ್ಲಿ ಒಂದೊಂದಾಗಿ ಒರೆಸಿದೆ. ಸಂಜೆ ಓನರ್ ಕೈಗೆ ಕೊಟ್ಟೆ.

ಮತ್ತೆರಡು ವಾರಕ್ಕೆ ಅಂಗಡಿಗೆ ಹೊರಗಿನಿಂದ ಬೀಗ ಬಿತ್ತು. ರಾಜಣ್ಣ ಎಲ್ಲಿ ಹೋದನೋ ಇವತ್ತಿಗೂ ತಿಳಿಯದು. ಬೀಗದ ಮುಂದೆ ಜನ ಸೇರಿದ್ದಾಗ ನೀನು ನನ್ನ ಕೈ ಹಿಡಿದುಕೊಂಡೆ. ನಿನ್ನ ಕಣ್ಣಲ್ಲಿ ನೀರಿರಲಿಲ್ಲ. "ಪಾಪ ಅಕ್ಕಾ, ನಿಮ್ದೂ ಹೋಯ್ತಲ್ಲಾ," ಎಂದೆ.

ನಾನು ಹೌದೆಂದು ತಲೆಯಾಡಿಸಿದೆ.

ಕಾವೇರಿಗೆ ಸೀಟು ತಪ್ಪಿತು. ಈಗ ಮಾರತ್ತಹಳ್ಳಿಯ ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕುತ್ತಾಳೆ. ದಿನಕ್ಕೆ ಹತ್ತು ತಾಸು ನಿಂತೇ ಇರಬೇಕು, ಕಾಲು ಊದುತ್ತದೆ ಎಂದು ನೀನೇ ಹೇಳಿದೆ. ಹೇಳುತ್ತಲೇ ಎಂದಿನಂತೆ ಒಂದು ಮೊಳ ಮಲ್ಲಿಗೆ ನನ್ನ ಚೀಲದಲ್ಲಿಟ್ಟೆ. ಕಾಸು ಕೊಡಹೋದರೆ "ಟೀಚರಮ್ಮನ ಹತ್ರ ತಗೊಳ್ಳೋದಾ?" ಎಂದು ಕೈ ತಳ್ಳಿದೆ. ಆರು ವರ್ಷದಿಂದ ಹೀಗೇ. ಆ ಹೂವನ್ನು ನಾನು ಒಂದು ದಿನವೂ ಮುಡಿದಿಲ್ಲ. ದೇವರಿಗೂ ಇಟ್ಟಿಲ್ಲ. ಅದು ಚೀಲದಲ್ಲೇ ಬಾಡುತ್ತದೆ.

ಆ ಮನೆ ಬಿಟ್ಟೆ. ಕೃಷ್ಣರಾಜಪುರದಲ್ಲಿ ಒಂದು ಕೋಣೆ ಹಿಡಿದಿದ್ದೇನೆ. ವಾಪಸು ಬಂದ ಭೋಗ್ಯದ ಹಣದಲ್ಲಿ ನಿನ್ನ ಮುಡುಪಿನಷ್ಟನ್ನು ಹಳದಿ ಬಟ್ಟೆಯಲ್ಲಿ ಕಟ್ಟಿಟ್ಟಿದ್ದೇನೆ. ಕಾವೇರಿಯ ವರ್ಷಗಳು ಆ ಗಂಟಿನಲ್ಲಿಲ್ಲ, ನನಗೆ ಗೊತ್ತು.

ನಿನಗೆ ಕನ್ನಡ ಓದಲು ಬಾರದು. ಅದೇ ನೆಪದಲ್ಲಿ ಈ ಕಾಗದವನ್ನು ಮೂರು ಸಲ ಬರೆದು, ಮೂರು ಸಲವೂ ಬೀರುವಿನಲ್ಲಿಟ್ಟೆ. ಈ ಶನಿವಾರ ಹಾಲ್‌ನಲ್ಲಿ ಎಲ್ಲರ ಎದುರು ನಾನೇ ಓದುತ್ತೇನೆ. ಅದಕ್ಕೆ ಮುಂಚೆ ನಿನಗೆ ಬಾಯಲ್ಲೇ ಹೇಳಿ ಕಳಿಸುತ್ತೇನೆ: ಕಾವೇರಿಯನ್ನೂ ಕರೆದುಕೊಂಡು ಬಾ.

ಹೂವು ತರಬೇಡ.