ಚನ್ನವ್ವನ ಸಾಬೂನು ಮತ್ತು ಬಾರದ ಭಜಿ

"ಚನ್ನವ್ವಕ್ಕಾ, ಈ ಪಡದಾ ಒಂಚೂರು ಮೂಸಿ ನೋಡು. ಬಟ್ಟಿ ಐತೋ ಭಜಿ ಐತೋ, ನೀನ ಹೇಳು."

ಹೇಳುತ್ತಿರುವವಳು ನೀಲಾವತಿ. ಕುರ್ಲಾದ ಈ ಚಾಳಿನ ಮೇಲಿನ ಮಾಳಿಗೆಯಿಂದ, ಒಗೆದ ಪರದೆಯನ್ನು ಹೆಗಲಿಗೇರಿಸಿಕೊಂಡೇ ಇಳಿದು ಬಂದಿದ್ದಾಳೆ. ಇನ್ನೂ ಬೆಳಕು ಹರಿದಿಲ್ಲ. ನಲ್ಲಿಯ ಮುಂದೆ ಕೊಡಗಳು ಸಾಲುಗಟ್ಟಿವೆ, ಕೊಡದವರೆಲ್ಲ ಅರೆನಿದ್ದೆಯಲ್ಲಿದ್ದಾರೆ. ಗೋಡೆಯ ಪಕ್ಕ ಕುಕ್ಕರಗಾಲಲ್ಲಿ ಕುಳಿತ ಚನ್ನವ್ವ ಮಾತ್ರ ತಗಡಿನ ಡಬ್ಬಿಯ ಸಾಬೂನಿನ ಪಾಕದೊಳಗೆ ಕೋಲಾಡಿಸುತ್ತಿದ್ದಾಳೆ. ತಿರುಗಿಸುವುದು ಒಂದೇ ದಿಕ್ಕಿಗೆ. ಕೈ ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ಎಣ್ಣೆ ಬೇರೆ, ನೀರು ಬೇರೆ. ಹಾಗಾಗಿ ಅವಳು ಮೂಗನ್ನಷ್ಟೇ ಪರದೆಯತ್ತ ಚಾಚುತ್ತಾಳೆ.

"ಉಳ್ಳಾಗಡ್ಡಿ ಭಜಿ," ಎಂದು ಒಪ್ಪಿಕೊಳ್ಳುತ್ತಾಳೆ.

ನೀಲಾವತಿ ಪರದೆಯನ್ನು ಮೂಗಿಗೆ ಹಿಡಿದು ತಾನೂ ಇನ್ನೊಮ್ಮೆ ಮೂಸುತ್ತಾಳೆ. ಇವತ್ತು ಸಂಜೆ ಅವಳ ಮಗಳು ವಿನೋದಿನಿಯನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆ. ಅದಕ್ಕೆಂದೇ ನಿನ್ನೆ ಪರದೆ, ಹಾಸಿಗೆಯ ಚಾದರ, ಗಂಡನ ಅಂಗಿ, ಮಗಳ ಕುಪ್ಪಸ ಎಲ್ಲವನ್ನೂ ಚನ್ನವ್ವನ ಸಾಬೂನಿನಿಂದಲೇ ಒಗೆದಿದ್ದಾಳೆ. ಇನ್ನೊಮ್ಮೆ ಒಗೆಯುವಷ್ಟು ನೀರು ನಲ್ಲಿಯಲ್ಲಿ ಬರುವುದಿಲ್ಲ. ಸಂಬಂಧ ತಪ್ಪಿದರೆ ಈ ಚಾಳಿನಲ್ಲಿ ನಿನ್ನ ಸಾಬೂನನ್ನು ಯಾರೂ ಕೈಯಿಂದ ಮುಟ್ಟದ ಹಾಗೆ ಮಾಡುತ್ತೇನೆ ಎಂದು ಹೇಳಿ ಮೆಟ್ಟಿಲು ಹತ್ತುತ್ತಾಳೆ.

ಚನ್ನವ್ವ ವಿಜಾಪುರದ ಕಡೆಯವಳು. ಗಂಡ ಗದಿಗೆಪ್ಪನಿಗೆ ಗಿರಣಿಯಲ್ಲಿ ಕೆಲಸ. ಸಂಜೆ ಅವನು ತರುವ ಅಂಗಿಯ ಜಿಡ್ಡಿಗೆ ಕಂಪನಿಯ ಸಾಬೂನು ಮಂಜಿನಂತೆ ಕರಗುತ್ತಿತ್ತು, ಸಂಬಳವೂ ಹಾಗೆಯೇ. ಧಾರಾವಿಯ ಸಾಬೂನಿನ ಕಾರ್ಖಾನೆಯೊಂದರಲ್ಲಿ ಕೆಲ ಕಾಲ ಕಾಗದ ಸುತ್ತುವ ಕೆಲಸ ಮಾಡಿದ ಚನ್ನವ್ವ, ಕೈಯಲ್ಲಿ ಕಾಗದ ಸುತ್ತುತ್ತ ಕಣ್ಣಲ್ಲಿ ಕಡಾಯಿ ನೋಡಿ ವಿದ್ಯೆ ಕಲಿತಳು. "ಕಾಸ್ಟಿಕ್ ಸೋಡಾನ ನೀರಿಗೆ ಹಾಕಬೇಕು. ನೀರ ಸೋಡಾಕ್ಕ ಹಾಕಿದ್ರ ಮಾರಿಗೆ ಸಿಡೀತೈತಿ. ಆಮ್ಯಾಲ ಅದನ್ನ ಎಣ್ಣ್ಯಾಗ ಬಿಟ್ಟು, ಝುಣಕದ ಹಿಟ್ಟಿನ ಹಂಗ ಗಟ್ಟಿ ಆಗೂತನಕ ತಿರುವೂದು. ಇಷ್ಟ ನೋಡ್ರಿ," ಎನ್ನುತ್ತಾಳೆ. ಆಮೇಲೆ ಅದನ್ನು ತಾಟಿಗೆ ಸುರಿದು, ಕೊಯ್ದು, ಮಂಚದ ಕೆಳಗೆ ವಾರಗಟ್ಟಲೆ ಒಣಗಿಸುತ್ತಾಳೆ. ಮಂಚದ ಮೇಲೆ ಗದಿಗೆಪ್ಪ ಸೀನುತ್ತ ಮಲಗುತ್ತಾನೆ.

ಎಣ್ಣೆ ಬರುವುದು ಸ್ಟೇಶನ್ ಎದುರಿನ ಉಡುಪಿ ಹೋಟೆಲಿನಿಂದ. ಅಲ್ಲಿ ಬಾಣಲೆ ತೊಳೆಯುವ ಅಂಗಾರ, ಕರಿದು ಉಳಿದ ಎಣ್ಣೆಯನ್ನು ಅವಳಿಗೆಂದು ಎತ್ತಿಡುತ್ತಾನೆ. ಬದಲಿಗೆ ಹೋಟೆಲಿನ ಅರಿವೆಗಳಿಗೆಲ್ಲ ಇವಳದೇ ಸಾಬೂನು. ಅಲ್ಲಿಂದ ಇವತ್ತಿನವರೆಗೆ ದೂರು ಬಂದಿಲ್ಲ. ಇಡೀ ಹೋಟೆಲೇ ಭಜಿಯ ವಾಸನೆ ಹೊಡೆಯುವಾಗ ಅಂಗಿಯೊಂದನ್ನು ಯಾರು ದೂರುತ್ತಾರೆ? ಪೊಲೀಸರದೂ ಅದೇ ಕಥೆ. ಸಾರಾಯಿ ನಿಷೇಧಿಸಿದ ದಾರೂಬಂದಿಯ ಈ ಕಾಲದಲ್ಲಿ ನಸುಕಿನಲ್ಲಿ ಡಬ್ಬಿ ಕಾಯಿಸುವ ಹೆಂಗಸನ್ನು ಹಿಡಿಯಲೆಂದು ಒಬ್ಬ ಹವಾಲ್ದಾರ ಬಂದಿದ್ದನಂತೆ. ಬಗ್ಗಿ ಮೂಸಿದ, ಹಸಿವಾಯಿತು, ನೆಟ್ಟಗೆ ಉಡುಪಿ ಹೋಟೆಲಿಗೆ ನಡೆದ.

ವಾಸನೆ ತೆಗೆಯುವ ದಾರಿ ಇಲ್ಲವೆಂದಲ್ಲ. ಉಪ್ಪುನೀರಿನಲ್ಲಿ ಎಣ್ಣೆಯನ್ನು ಕುದಿಸಿ, ಆರಿಸಿ, ಮೇಲಿನದನ್ನಷ್ಟೇ ಎತ್ತಿಕೊಳ್ಳಬೇಕು. ಹೋದ ತಿಂಗಳು ನಲ್ಲಿ ಕೈಕೊಟ್ಟಿತ್ತು. "ಅಕ್ಕ, ಈ ಸಲ ನೀರುಳ್ಳಿ ಬಜೆ ಭಾರೀ ಹೋಗಿದೆ ಮಾರಾಯ್ತಿ, ಎಣ್ಣೆ ಒಳ್ಳೆ ತೊಳಿಬೇಕು," ಎಂದು ಅಂಗಾರ ಹೇಳಿಯೂ ಇದ್ದ. ಕುಡಿಯಲು ನೀರಿಲ್ಲದಾಗ ಎಣ್ಣೆಗೆಲ್ಲಿಯ ಸ್ನಾನ ಎಂದುಕೊಂಡು ಚನ್ನವ್ವ ಬಟ್ಟೆಯಲ್ಲಿ ಸೋಸಿ ಮುಗಿಸಿದಳು.

ಸಂಜೆ ಗಂಡಿನ ಸೋದರಮಾವ ಶಂಕ್ರೆಪ್ಪ, ತಾಯಿ ಮಲ್ಲವ್ವ ಬಂದು ಚಾದರದ ಮೇಲೆ ಕೂರುತ್ತಾರೆ. ಚನ್ನವ್ವ ಬಾಗಿಲಲ್ಲಿ ನಿಂತಿದ್ದಾಳೆ. ವಿನೋದಿನಿ ತಲೆ ಬಗ್ಗಿಸಿ ಬಂದು, ಕೇಳಿದ್ದಕ್ಕೆ ಉತ್ತರಿಸಿ, ಒಳಗೆ ಹೋಗುತ್ತಾಳೆ. ಶಿರಾ, ಉಪ್ಪಿಟ್ಟು ಖಾಲಿಯಾಗುತ್ತವೆ. ಚಹಾ ಬರುತ್ತದೆ. ಚಹಾ ಕುಡಿದರೆ ಒಪ್ಪಿಗೆಯೋ ಇಲ್ಲವೋ ಹೇಳಿ ಏಳಬೇಕು. ಆದರೆ ಶಂಕ್ರೆಪ್ಪ ಬಟ್ಟಲನ್ನು ಮುಟ್ಟುವುದಿಲ್ಲ. ಇಕ್ಕಟ್ಟಿನ ಖೋಲಿ ಬಿಸಿಯೇರಿದಷ್ಟೂ ಚಾದರ ಘಮಘಮಿಸುತ್ತಿದೆ. ಅವನು ಆಗಾಗ ಒಲೆಯ ಕಡೆ ಇಣುಕುತ್ತಾನೆ. ಚಹಾದ ಮೇಲೆ ಕೆನೆ ಕಟ್ಟುತ್ತದೆ. ಮಾಡಿ ಮುಚ್ಚಿಟ್ಟಿದ್ದಾರೆ ಎಂದು ಮಲ್ಲವ್ವ ತಮ್ಮನ ಕಿವಿಯಲ್ಲಿ ಹೇಳಿದ್ದು ಬಾಗಿಲವರೆಗೂ ಕೇಳಿಸುತ್ತದೆ.

"ಗಡಿಬಿಡಿ ಇಲ್ಲ ತಂಗಿ," ಎನ್ನುತ್ತಾನೆ ಶಂಕ್ರೆಪ್ಪ ನೀಲಾವತಿಗೆ. "ಭಜಿ ಬರ್ಲಿ, ಆಮ್ಯಾಲ ಚಹಾ ಕುಡಿಯೂಣು."

ನೀಲಾವತಿ ಬಾಗಿಲತ್ತ ನೋಡುವ ನೋಟಕ್ಕೆ ಚನ್ನವ್ವ ಸುಟ್ಟುಹೋಗಬೇಕು. ಅದು ಸಾಬೂನಿನ ವಾಸನೆ ಎಂದರೆ, ಹೋಟೆಲಿನ ಹಳೆ ಎಣ್ಣೆಯಲ್ಲಿ ಬಟ್ಟೆ ಒಗೆಯುವ ಮನೆ ಎಂದಾಗುತ್ತದೆ. ಸುಮ್ಮನಿದ್ದರೆ ಬೀಗರಿಗೆ ಬಡಿಸದೆ ಭಜಿ ಬಚ್ಚಿಟ್ಟ ಮನೆ.

"ಎಣ್ಣಿ ಕಾಯಾಕ ಹತ್ತೈತ್ರಿ ಯಜಮಾನ್ರ, ಜರಾ ಕುಂದರ್ರಿ," ಎಂದವಳೇ ಚನ್ನವ್ವ ಗ್ಯಾಲರಿಯುದ್ದಕ್ಕೂ ಓಡುತ್ತಾಳೆ. ಅವಳ ಮನೆಯಲ್ಲಿ ಡಬ್ಬಿಗಟ್ಟಲೆ ಎಣ್ಣೆಯಿದೆ, ತಿನ್ನುವ ಎಣ್ಣೆ ಒಂದು ಸೌಟಿಲ್ಲ. ಬಾಗಿಲು ಬಾಗಿಲಿಗೆ ನಿಂತು ಒಂದೊಂದು ಸೌಟು ಬೇಡುತ್ತಾಳೆ. ಒಬ್ಬಳು ಶೇಂಗಾ ಎಣ್ಣೆ ಕೊಟ್ಟರೆ, ಮಂಗಳೂರಿನ ಸೇವಂತಿ ತೆಂಗಿನೆಣ್ಣೆಯನ್ನೇ ಸುರಿಯುತ್ತಾಳೆ. ಯಾರದೋ ಕಡಲೆಹಿಟ್ಟು, ಇನ್ಯಾರದೋ ಉಳ್ಳಾಗಡ್ಡಿ. ಸ್ವಲ್ಪ ಹೊತ್ತಿಗೆ ತಟ್ಟೆಯ ತುಂಬ ಬಿಸಿ ಭಜಿ ಒಳಗೆ ಹೋಗುತ್ತದೆ.

ಶಂಕ್ರೆಪ್ಪ ಮೊದಲನೆಯದನ್ನು ಕಣ್ಣು ಮುಚ್ಚಿ ಅಗಿಯುತ್ತಾನೆ. ಇಂಥ ರುಚಿ ನಮ್ಮ ಕಡೆ ಇಲ್ಲ ಎನ್ನುತ್ತಾನೆ. ಎಲ್ಲ ಎಣ್ಣೆ ಕೂಡಿದ ರುಚಿ ಯಾವ ಕಡೆಯೂ ಇರಲಾರದು. ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದು, ಹುಡುಗಿ ಒಪ್ಪಿಗೆ ಎಂದು ಹೇಳಿ ಏಳುತ್ತಾನೆ.

ಬೀಗರು ಮೆಟ್ಟಿಲಿಳಿದ ಮೇಲೆ ನೀಲಾವತಿ ಗೋಡೆಗೊರಗಿ ಕೂರುತ್ತಾಳೆ. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯದು.

"ಮುಂದಿನ ಸಲ ಎಣ್ಣಿ ತೊಳ್ಯಾಕ ನನ್ನ ಪಾಲಿನ ಒಂದ ಕೊಡ ನೀರ ಒಯ್ಯಿ," ಎನ್ನುತ್ತಾಳೆ.

"ಕಂಪನಿ ಸಾಬೂನಿನ ಹಂಗ ಮಲ್ಲಿಗಿ ವಾಸನಿ ಬರ್ಲಿ ಅಂತ ನಂಗೇನ ಆಸೆ ಇಲ್ಲವ್ವ," ಎನ್ನುತ್ತಾಳೆ ಚನ್ನವ್ವ. "ಏನೂ ವಾಸನಿ ಬರಬಾರ್ದು. ಅಷ್ಟಾದ್ರ ನಾ ಗೆದ್ದೆ."

ಬೆಳಗಿನಿಂದ ಏನೂ ತಿನ್ನದ ವಿನೋದಿನಿ ಒಳಗಿಂದ ಬಂದು, ತಟ್ಟೆಯಲ್ಲಿ ಉಳಿದ ಒಂದೇ ಒಂದು ಭಜಿಯನ್ನು ಎತ್ತಿಕೊಳ್ಳುತ್ತಾಳೆ. ಮುರಿದು ಅರ್ಧವನ್ನು ತನ್ನ ಬಾಯಿಗೆ ಹಾಕಿಕೊಂಡು, ಇನ್ನರ್ಧವನ್ನು ಚನ್ನವ್ವನ ಬಾಯಿಗಿಡುತ್ತಾಳೆ.